ಡಾನ್ ಗೌದೆನ್ಸಿಯೊ ಕಾಟು ಹೊಡೆದ ಮಂಚ

ಡಾನ್ ಗೌದೆನ್ಸಿಯೊ ಹುಟ್ಟಿದಾಗಿನಿಂದ ಯಾರಿಗೂ ಯಾವುದಕ್ಕೂ 'ಬೇಡ' ಅಂದವನಲ್ಲ. ಅವನ ಮದುವೆಯ ದಿನ ಬ್ಯಾಂಡಿನವರು 'ಇನ್ನೊಂದು ಹಾಡು ಬಾರಿಸೋಣವಾ?' ಅಂದರೆ 'ನಿಮ್ಮಿಷ್ಟ' ಅಂದಿದ್ದ. ಅವರು ಮಾರನೆಯ ದಿನ ಊಟದ ಹೊತ್ತಿನವರೆಗೂ ಬಾರಿಸಿದ್ದರು. ಇಂಥ ಮನುಷ್ಯ ಜನ್ಮದಲ್ಲಿ ಒಂದೇ ಒಂದು ಸಲ ಕೈಯಲ್ಲಿ ಕುಂಚ ಹಿಡಿದು, ಗೋಡೆಯ ಮುಂದೆ ಎದೆ ಸೆಟೆಸಿ ನಿಂತು, 'ಇದು ನನಗೆ ಬೇಡ' ಅಂತ ತೀರ್ಮಾನ ಮಾಡಿದ. ನಮ್ಮ ಯನಪಂಪ ಊರು ಇವತ್ತಿಗೂ ಆ ತೀರ್ಮಾನದಿಂದ ಸುಧಾರಿಸಿಕೊಂಡಿಲ್ಲ.

ಜುಲೈ ತಿಂಗಳು. ತಿಂಗಳ ಕೊನೆಯ ಸ್ವಾತಂತ್ರ್ಯ ದಿನಕ್ಕೆ ಮುಂಚೆ ಚೌಕದ ಸುತ್ತಲಿನ ಅಂಗಡಿಗಳೆಲ್ಲ ಬಣ್ಣ ಬಳಿದುಕೊಂಡು ಲಕ್ಷಣವಾಗಿರಬೇಕು ಅಂತ ಪುರಸಭೆಯ ಕಟ್ಟಪ್ಪಣೆ. ಪ್ರತಿ ವರ್ಷವೂ ಗೌದೆನ್ಸಿಯೊ ಒಂದು ಬಕೆಟ್ ಸುಣ್ಣ ಕಲಸಿ, ತನ್ನ 'ವಿಶ್ರಾಂತಿ' ವಸತಿಗೃಹದ ಮುಂಗೋಡೆಗೆ ಕೈ ಎಟುಕುವಷ್ಟು ಎತ್ತರ ಬಳಿದು, ಅದರ ಮೇಲಿನದನ್ನು ದೇವರಿಗೆ ಬಿಡುತ್ತಿದ್ದ. ಈ ವರ್ಷ ಆ ಆಟ ನಡೆಯುವ ಹಾಗಿರಲಿಲ್ಲ. ಭಾನುವಾರ ಅತ್ತೆ ಬರುತ್ತಿದ್ದಳು.

ಅತ್ತೆ ಅಂದರೆ ದೋನ್ಯಾ ಎಸ್ಕೊಲಾಸ್ತಿಕಾ. (ನಮ್ಮಲ್ಲಿ ಮರ್ಯಾದೆಗೆ ಗಂಡಸಿಗೆ ಡಾನ್, ಹೆಂಗಸಿಗೆ ದೋನ್ಯಾ ಅನ್ನುತ್ತಾರೆ.) ಕಟ್ಟಡ ಅವಳದು, ಅದರ ಬೀಗದ ಕೈ ಅವಳದು, ದೂರದ ಅರೆಕಿಪಾ ಪಟ್ಟಣದಲ್ಲಿ ತಂಗಿಯ ಮನೆಯಲ್ಲಿ ಕೂತು ಇಲ್ಲಿಯವರ ನಿದ್ದೆ ಕೆಡಿಸುವ ಶಕ್ತಿಯೂ ಅವಳದೇ. ಈ ಸಲ ಬಂದವಳು ವಸತಿಗೃಹವನ್ನು ಶಾಶ್ವತವಾಗಿ ಒಬ್ಬರ ಕೈಗೆ ಕೊಟ್ಟು ಹೋಗುತ್ತೇನೆ ಅಂತ ಹೇಳಿ ಕಳಿಸಿದ್ದಳು. ಕೊಟ್ಟರೆ ಅಳಿಯ ಗೌದೆನ್ಸಿಯೊಗೆ, ಇಲ್ಲದಿದ್ದರೆ ಮಗ ಫಿದೆನ್ಸಿಯೊಗೆ. ಫಿದೆನ್ಸಿಯೊಗೆ ಆ ಮಂಚಗಳನ್ನೆಲ್ಲ ಗುಜರಿಗೆ ಹಾಕಿ, ಗೋಡೆ ಒಡೆದು, ಸುಟ್ಟ ಕೋಳಿಯ ಹೋಟೆಲು ತೆರೆಯುವ ಹುಚ್ಚು. ಹಾಗಾದರೆ ಗೌದೆನ್ಸಿಯೊ ಮತ್ತು ಎರ್ಮೆಲಿಂದ ಎಂಬ ಅವನ ಹೆಂಡತಿ, ಕೂದಲು ನರೆಯುವವರೆಗೆ ನಡೆಸಿಕೊಂಡು ಬಂದ ಮನೆಯಿಂದ ಹಾಸಿಗೆ ಸುತ್ತಿಕೊಂಡು ಬೀದಿಗೆ ಬೀಳಬೇಕು.

ಅತ್ತೆಗೆ ಇನ್ನೊಂದು ಕಟ್ಟುನಿಟ್ಟು ಇತ್ತು. ಅವಳ ಗಂಡ ದಿವಂಗತ ಡಾನ್ ಆಂಬ್ರೋಸಿಯೊ ಮೇಯರ್ ಆಗುತ್ತೇನೆ ಅಂತ ಚುನಾವಣೆಗೆ ನಿಂತ, ಸೋತ, ಮತ್ತೆ ನಿಂತ, ಮತ್ತೆ ಸೋತ, ಕೊನೆಗೆ ಖಾಲಿ ಬೆಂಚುಗಳ ಮುಂದೆ ಭಾಷಣ ಮಾಡುತ್ತಿರುವಾಗಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅವನನ್ನು ಮಣ್ಣು ಮಾಡಿ ಬಂದ ದಿನ ದೋನ್ಯಾ ಎಸ್ಕೊಲಾಸ್ತಿಕಾ ಮಾತೆ ಮರಿಯಳ ಪಾದ ಮುಟ್ಟಿ ಆಣೆ ಇಟ್ಟಿದ್ದಳು: 'ರಾಜಕೀಯ ಮಾಡಿದೋರಿಗೆ ಈ ಮನೇಲಿ ಜಾಗ ಇಲ್ಲ. ನನ್ನ ಹೊಟ್ಟೇಲಿ ಹುಟ್ಟಿದೋರಾದ್ರೂ ಸರಿ, ಅವತ್ತೇ ಆಚೆ.' ಗೌದೆನ್ಸಿಯೊಗೆ ಆ ಆಣೆಯಿಂದ ಯಾವ ಭಯವೂ ಇರಲಿಲ್ಲ. ಬೆಳಿಗ್ಗೆ ಯಾವ ಕಾಲುಚೀಲ ಹಾಕಿಕೊಳ್ಳಬೇಕು ಅಂತ ಹೆಂಡತಿಯನ್ನು ಕೇಳುವವನು ಯಾವ ರಾಜಕೀಯ ಮಾಡಿಯಾನು?

"ಈ ಸಲ ಸುಣ್ಣ ಗಿಣ್ಣ ಬೇಡ," ಅಂದಳು ಎರ್ಮೆಲಿಂದ. "ದೊಡ್ಡ ಊರಿನ ಹೋಟೆಲಿನೋರ ಥರ ಪದ್ಧತಿ ಪ್ರಕಾರ ಮಾಡಿಸೋಣ. ಅಮ್ಮ ಬಸ್ಸಿಂದ ಇಳಿದು ನೋಡಿದ ತಕ್ಷಣ ಮೂಗಿನ ಮೇಲೆ ಬೆರಳಿಡಬೇಕು."

ಪದ್ಧತಿ ಪ್ರಕಾರ ಮಾಡುವವನು ಅಂದರೆ ಮೇಸ್ತ್ರಿ ಕ್ಲೊದೊಮಿರೊ. ಆತ ಸೋಮವಾರ ಟೈ ಕಟ್ಟಿಕೊಂಡು ಬಂದ. ಏಣಿ ತರಲಿಲ್ಲ, ಡಬ್ಬ ತರಲಿಲ್ಲ. ಗೋಡೆಗೆ ಕಿವಿಯಿಟ್ಟು ಬೆರಳಲ್ಲಿ ಟಕ್ ಟಕ್ ಅಂತ ಕುಟ್ಟಿದ. ಹಿಂದಕ್ಕೆ ಹಿಂದಕ್ಕೆ ನಡೆದು, ಚೌಕದ ಕಾರಂಜಿಗೆ ಬೆನ್ನು ತಗುಲುವವರೆಗೂ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿದ.

"ಬಣ್ಣ ಬಳಿಯೋದು ಕೊನೇ ಕೆಲಸ ಡಾನ್ ಗೌದೆನ್ಸಿಯೊ," ಅಂದ. "ಅದನ್ನ ಯಾವ ಕತ್ತೆ ಬೇಕಾದ್ರೂ ಮಾಡುತ್ತೆ. ಮೊದಲು ಯೋಜನೆ. ಹೇಳಿ, ನಿಮ್ಮ ಗೋಡೆ ನೋಡಿದ ಗಿರಾಕಿಗೆ ಏನನ್ನಿಸಬೇಕು?"

"ನಿದ್ದೆ ಬರಬೇಕು," ಅಂದ ಗೌದೆನ್ಸಿಯೊ.

"ಯಾವ ನಿದ್ದೆ? ಊಟ ಆದ್ಮೇಲಿನ ನಿದ್ದೆನೋ, ರಾತ್ರಿ ನಿದ್ದೆನೋ? ಊಟದ ನಿದ್ದೆಗೆ ಕಿತ್ತಳೆ ಬಣ್ಣ. ರಾತ್ರಿ ನಿದ್ದೆಗೆ ನೀಲಿ."

ಗೌದೆನ್ಸಿಯೊಗೆ ಆಗಲೇ ತಲೆ ಗಿರ್ರೆಂದಿತು. "ಎರಡೂ ಥರದೋರು ಬರ್ತಾರಲ್ಲ ಮೇಸ್ತ್ರಿ?"

"ಎರಡೂ ಸೇರಿದ್ರೆ ಕೆಸರು ಬಣ್ಣ ಆಗುತ್ತೆ. ಕೆಸರಲ್ಲಿ ಯಾರು ಮಲಗ್ತಾರೆ?"

ಗೌದೆನ್ಸಿಯೊ ಒಳಗೆ ಓಡಿ ಹೆಂಡತಿಯನ್ನು ಕೇಳಿದ. ಅವಳು 'ನೀಲಿ' ಅಂದಳು. ಹೊರಗೆ ಬರುವಷ್ಟರಲ್ಲಿ ಅವನಿಗೆ ಯಾವ ನೀಲಿ ಅಂತ ಅನುಮಾನ ಬಂತು. ಮತ್ತೆ ಒಳಗೆ ಹೋದ. ಹೀಗೆ ಒಳಗೂ ಹೊರಗೂ ಓಡಾಡಿ, ನಾಲ್ಕು ದಿನ ಬರೀ ಯೋಜನೆಯಲ್ಲೇ ಕಳೆಯಿತು. ಗುರುವಾರ ಮೇಸ್ತ್ರಿ ಗೋಡೆಯ ಮೇಲೆ ಮಾದರಿ ತೋರಿಸಿದ. ಬಾಗಿಲ ಎಡಕ್ಕೆ ನೀಲಿಯ ಒಂದು ತೇಪೆ, ಬಲಕ್ಕೆ ಕಿತ್ತಳೆಯ ಒಂದು ತೇಪೆ, ನಡುವೆ, ಆಳೆತ್ತರಕ್ಕೆ, ಒಂದು ಮಂಚದ ಚಿತ್ರ. ವಸತಿಗೃಹದ ಗುರುತು.

"ನಾನು ಬೇರೆ ಊರಿಗೆ ಹೋಗ್ಬೇಕು, ತಮ್ಮನ ಮಗಳ ದೀಕ್ಷಾಸ್ನಾನ. ಭಾನುವಾರ ಬೆಳಿಗ್ಗೆನೇ ಬಂದು ಶುರು ಹಚ್ಕೋತೀನಿ, ನಿಮ್ಮತ್ತೆ ಬಸ್ಸು ಬರೋದ್ರೊಳಗೆ ಮುಗಿಸ್ತೀನಿ," ಅಂದ ಮೇಸ್ತ್ರಿ, ಒಂದು ಕುಂಚವನ್ನೂ ಕೆಂಪು ಬಣ್ಣದ ಡಬ್ಬವನ್ನೂ ಅವನ ಕೈಗಿಟ್ಟು. "ನೀವು ಚೆನ್ನಾಗಿ ನೋಡಿ. ಯಾವುದು ಬೇಡವೋ ಅದಕ್ಕೆ ಕಾಟು ಹೊಡೆದಿಡಿ. ಅಷ್ಟೇ."

ಗೌದೆನ್ಸಿಯೊ ಮಧ್ಯಾಹ್ನವೆಲ್ಲ ನೋಡಿದ. ಅವನಿಗೆ ಆ ಮಂಚ ಹಿಡಿಸಲಿಲ್ಲ. ಆಸ್ಪತ್ರೆಯ ಮಂಚದಂತಿತ್ತು. ಅದರಲ್ಲಿ ಮಲಗಿದವನು ಎದ್ದು ಮನೆಗೆ ಹೋಗುವ ನಂಬಿಕೆಯೇ ಬರುತ್ತಿರಲಿಲ್ಲ. ಹೆಂಡತಿ ಪಕ್ಕದೂರಿನ ಸಂತೆಗೆ ಹೋಗಿದ್ದಳು, ಬರುವುದು ಮಾರನೆಯ ದಿನವೇ. ಕೇಳಲು ಯಾರೂ ಇರಲಿಲ್ಲ. ಆಗಲೇ ಅವನೊಳಗೆ ಎಲ್ಲಿಂದಲೋ ಗಂಡಸುತನ ಉಕ್ಕಿ ಬಂತು. ಕುಂಚವನ್ನು ಅದ್ದಿ, ಮಂಚದ ತಲೆಯಿಂದ ಕಾಲಿನವರೆಗೆ ಒಂದು ಗೆರೆ, ಆ ಕಾಲಿನಿಂದ ಈ ತಲೆಯವರೆಗೆ ಇನ್ನೊಂದು ಗೆರೆ ಎಳೆದ. ಕೆಂಪಗೆ, ದಪ್ಪಗೆ, ಇಂಟು ಗುರುತು. ಒಳಗೆ ಹೋಗಿ ಮಲಗಿ, ಬಹಳ ದಿನದ ಮೇಲೆ ಗೊರಕೆ ಹೊಡೆದ.

ಈಗ ನೀವೇ ಹೇಳಿ. ಅಕ್ಟೋಬರಿನಲ್ಲಿ ಪುರಸಭೆ ಚುನಾವಣೆ. ನಮ್ಮ ಕಡೆ ಮತ ಹಾಕುವುದು ಅಂದರೇನು? ಚೀಟಿಯಲ್ಲಿ ನಿಮಗೆ ಬೇಕಾದವನ ಚಿಹ್ನೆ ಹುಡುಕಿ ಅದರ ಮೇಲೆ ಇಂಟು ಗುರುತು ಹಾಕುವುದು. ಅದಕ್ಕೇ ಊರಿನ ಗೋಡೆಗೋಡೆಯ ಮೇಲೂ ಏಣಿ ಬರೆದು ಇಂಟು, ಕೆಟಲ್ ಬರೆದು ಇಂಟು, ಹುಂಜ ಬರೆದು ಇಂಟು. 'ನೋಡಿಕೊಳ್ರಪ್ಪಾ, ಹೀಗೇ ಹಾಕಿ' ಅಂತ. ಚೌಕದ ಮಧ್ಯದಲ್ಲಿ ಮಂಚ ಬರೆದು ಕೆಂಪಗೆ ಇಂಟು ಹಾಕಿದರೆ ಜನ ಏನಂದುಕೊಳ್ಳಬೇಕು? ಇದು ಕೈಯಲ್ಲಿ ಕುಂಚ ಹಿಡಿದಿರುವಾಗ ಗೌದೆನ್ಸಿಯೊಗೆ ಹೊಳೆಯಲೇ ಇಲ್ಲ. ಪುಣ್ಯಾತ್ಮ, ಪ್ರತಿ ಚುನಾವಣೆಯಲ್ಲೂ ಯಾರಿಗೂ ಬೇಜಾರಾಗದಿರಲಿ ಅಂತ ಎಲ್ಲ ಚಿಹ್ನೆಗೂ ಇಂಟು ಹಾಕಿ ಬರುವವನು.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಬಿಸಿ ಕಷಾಯ ಮಾರುವ ದೋನ್ಯಾ ಪಾಸ್ಕ್ವಾಲಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅಂತೂ ಮನಸ್ಸು ಮಾಡಿದ್ರಿ!" ಅಂದಳು. "ಪಕ್ಕದಲ್ಲೇ ಇದ್ದೀನಿ, ನಂಗೊಂದು ಮಾತು ಹೇಳಬಾರದಿತ್ತಾ?"

ಗೋಡೆಯ ಮಾತು ಅಂದುಕೊಂಡ ಗೌದೆನ್ಸಿಯೊ ಸಂಕೋಚದಿಂದ ನಕ್ಕ. "ಮನಸ್ಸು ಮಾಡೋದು ಏನು ಬಂತು ತಾಯಿ. ಎಲ್ಲ ಎರ್ಮೆಲಿಂದಳ ಒತ್ತಾಯ."

"ಎಲ್ಲಾ ದೊಡ್ಡೋರೂ ಹೀಗೇ ಹೇಳೋದು! ಸರಿ, ಮೊದಲು ಏನು ಮಾಡ್ತೀರಾ?"

"ಮೊದಲು ಹಳೇದನ್ನೆಲ್ಲಾ ಕೆರೆದು ತೆಗೀತೀವಿ. ಇಷ್ಟು ವರ್ಷ ಒಂದರ ಮೇಲೊಂದು ಬಳಿದು ಬಳಿದು ಒಳಗೆಲ್ಲಾ ಹುಳುಕು."

"ಅಯ್ಯೋ, ನನ್ನ ಬಾಯಲ್ಲಿದ್ದ ಮಾತು!"

"ಆಮೇಲೆ ಬಿರುಕು ಮುಚ್ಚಬೇಕು. ಮೇಲಿನಿಂದ ಕೆಳಗಿನವರೆಗೆ ಒಂದೇ ಥರ ಕಾಣಬೇಕು. ಮೇಲಿನೋರಿಗೊಂದು, ಕೆಳಗಿನೋರಿಗೊಂದು, ಅದೆಲ್ಲ ಇನ್ಮೇಲಿಲ್ಲ."

ದೋನ್ಯಾ ಪಾಸ್ಕ್ವಾಲಾಳ ಕಣ್ಣಲ್ಲಿ ನೀರು ಬಂತು. ಒಂದು ಲೋಟ ಕಷಾಯವನ್ನು ಬಿಟ್ಟಿಯಾಗಿ ಕೊಟ್ಟಳು. ಆ ಹೆಂಗಸು ಬಿಟ್ಟಿಯಾಗಿ ಕೊಡುವುದನ್ನು ಅವಳ ಗಂಡನೂ ಕಂಡಿರಲಿಲ್ಲ. ಗೌದೆನ್ಸಿಯೊ ಗಾಬರಿಯಿಂದಲೇ ಕುಡಿದ. ಮಧ್ಯಾಹ್ನದ ಹೊತ್ತಿಗೆ ಚಮ್ಮಾರರು, ಅಕ್ಕಸಾಲಿಗರು, ಸಂತೆಗೆ ಬಂದ ಆಲೂಗಡ್ಡೆಯವರು ಎಲ್ಲರೂ ಬಂದು ಅವನ ಕೈ ಕುಲುಕಿ ಹೋದರು. 'ಬರೀ ಒಂದು ಗೋಡೆಗೆ ಜನ ಇಷ್ಟು ಸಂತೋಷ ಪಡುತ್ತಾರಾ?' ಅಂತ ಅವನಿಗೆ ಎದೆ ತುಂಬಿ ಬಂತು.

ಆ ತುಂಬಿದ ಎದೆಯನ್ನು ಖಾಲಿ ಮಾಡಲು ಪುರಸಭೆಯ ಇನ್ಸ್‌ಪೆಕ್ಟರ್ ಬರ್ರಿಯೆಂತೊಸ್ ಬಂದ. ಮೇಯರ್ ತಾನು ಮತ್ತೆ ನಿಲ್ಲುವಂತಿಲ್ಲವಾದ್ದರಿಂದ ತನ್ನ ಸೋದರಳಿಯನನ್ನು ಏಣಿ ಚಿಹ್ನೆಯಲ್ಲಿ ನಿಲ್ಲಿಸಿದ್ದ. ಏಣಿಗೆ ಎದುರಾಗಿ ಮಂಚ ಎದ್ದಿತು ಅಂತ ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು.

"ಪುರಸಭೆ ಎದುರಿಗೇ ಚುನಾವಣಾ ಪ್ರಚಾರವಾ?" ಅಂದ ಇನ್ಸ್‌ಪೆಕ್ಟರ್. "ಚೌಕದಲ್ಲಿ ಬರೆಯೋ ಹಾಗಿಲ್ಲ. ಅಪರಾಧ."

"ಪ್ರಚಾರ? ಯಾರದು ಸ್ವಾಮಿ?"

"ನಿಮ್ಮದು. ಮಂಚ ಪಕ್ಷದ್ದು."

ಗೌದೆನ್ಸಿಯೊ ತಿರುಗಿ ಗೋಡೆ ನೋಡಿದ. ಮಂಚ ನೋಡಿದ. ಕೆಂಪು ಇಂಟು ನೋಡಿದ. ಹೊಸ್ತಿಲ ಮೇಲೆ ಕೂತುಬಿಟ್ಟ. ಅವನ ಕಣ್ಣ ಮುಂದೆ ಮಂಚ ಇರಲಿಲ್ಲ. ಬಸ್ಸಿನಿಂದ ಇಳಿಯುತ್ತಿರುವ ಅತ್ತೆಯ ಬಿಳಿ ಟೋಪಿ ಇತ್ತು.

"ದೇವರಾಣೆ ಸ್ವಾಮಿ, ಬೇಡ ಅಂತ ಇಂಟು ಹಾಕಿದ್ದು!"

"'ನನಗೆ ಬೇಡ, ಜನರ ಒತ್ತಾಯ.' ಎಲ್ಲರೂ ಇದನ್ನೇ ಹೇಳೋದು."

"ಈಗಲೇ ಅಳಿಸಿಬಿಡ್ತೀನಿ!"

"ನಿಲ್ಲಿ! ಚುನಾವಣಾ ಪ್ರಚಾರ ಅಳಿಸೋದೂ ಅಪರಾಧ."

"ನನ್ನ ಗೋಡೆ ಅಲ್ವಾ?"

"ಗೋಡೆ ನಿಮ್ಮದು. ಪ್ರಚಾರ ಪ್ರಜಾಪ್ರಭುತ್ವದ್ದು."

"ಹಾಗಾದ್ರೆ ಹಾಗೇ ಬಿಡ್ಲಾ?"

"ಬಿಟ್ಟರೆ ದಂಡ."

"ಅಳಿಸಿದ್ರೆ?"

"ಜೈಲು."

"ಏನು ಮಾಡ್ಲಿ ಹಾಗಾದ್ರೆ?"

"ಕಾನೂನು ಪಾಲಿಸಿ," ಅಂದ ಇನ್ಸ್‌ಪೆಕ್ಟರ್ ಗಂಭೀರವಾಗಿ. ಆಮೇಲೆ ಎಡಕ್ಕೂ ಬಲಕ್ಕೂ ನೋಡಿ, ಬಗ್ಗಿ ಪಿಸುಗುಟ್ಟಿದ: "ಗೆದ್ದರೆ ನನ್ನ ಭಾಮೈದನನ್ನ ಸ್ವಲ್ಪ ಮನಸ್ಸಲ್ಲಿಟ್ಟುಕೊಳ್ಳಿ."

ಸಂತೆಯಿಂದ ಬಂದ ಎರ್ಮೆಲಿಂದ ವಿಷಯ ಕೇಳಿ ತಲೆ ಚಚ್ಚಿಕೊಂಡಳು. "ಜೀವಮಾನದಲ್ಲಿ ಒಂದು ನಿರ್ಧಾರ ಮಾಡಿದ್ಯಲ್ಲೋ, ಅದಕ್ಕೂ ನಾನು ಇಲ್ಲದ ಹೊತ್ತೇ ಬೇಕಾಗಿತ್ತಾ?"

ಅಳಿಸಿದರೆ ಜೈಲು. ಆದರೆ ಬರೆದರೆ ಏನೂ ಇಲ್ಲವಲ್ಲ? ಗೌದೆನ್ಸಿಯೊಗೆ ಇದು ಹೊಳೆದದ್ದು ಶನಿವಾರ ಬೆಳಿಗ್ಗೆ. ತನ್ನ ಬುದ್ಧಿಗೆ ತಾನೇ ಬೆರಗಾಗಿ, ಮಂಚದ ಕೆಳಗೆ ದೊಡ್ಡಕ್ಷರದಲ್ಲಿ 'ಇದು ಬೇಡ' ಅಂತ ಬರೆದ. ಈಗ ಯಾರಿಗೆ ಅನುಮಾನ ಇರಲು ಸಾಧ್ಯ ಅಂದುಕೊಂಡು ಒಳಗೆ ಹೋದ. ಒಂದು ಗಳಿಗೆಯಲ್ಲಿ ಹೊರಗೆ ಗಲಾಟೆ.

"ಯಾವ ಏಣಿಯವನೋ ಇದು, ನಮ್ಮ ಡಾನ್ ಗೌದೆನ್ಸಿಯೊನ ಮಂಚಕ್ಕೆ ಬೇಡ ಅಂತ ಬರೆದೋನು?" ಅಂತ ದೋನ್ಯಾ ಪಾಸ್ಕ್ವಾಲಾ ಸೌಟು ಎತ್ತಿಕೊಂಡು ನಿಂತಿದ್ದಳು. "ಎದುರಿಗೆ ಬಾರೋ, ನಿನ್ನ ಮೇಲೇ ಬಿಸಿ ಕಷಾಯ ಸುರೀತೀನಿ!"

ಅವಮಾನ ತಡೆಯಲಾರದೆ ಜನ ಕೆಂಪು ಬಣ್ಣ ತಂದು 'ಇದು ಬೇಡ' ಅನ್ನುವುದಕ್ಕೇ ಕಾಟು ಹೊಡೆದರು. ಏಣಿಯವರು ಬಂದು ಆ ಕಾಟಿನ ಮೇಲೆ ಏಣಿ ಬರೆದರು. ಮಂಚದವರು ಏಣಿಯ ಕಾಲು ಮುರಿದಂತೆ ಬರೆದರು. ಸಂಜೆಯ ಹೊತ್ತಿಗೆ ಊರಿನ ಗೋಡೆಗಳ ಮೇಲೆಲ್ಲ ಮಂಚಗಳು. ಕಟುಕನ ಅಂಗಡಿಯ ಮೇಲೆ ಮಂಚ, ಬೇಕರಿಯ ಮೇಲೆ ಮಂಚ, ಸ್ಮಶಾನದ ಗೇಟಿನ ಮೇಲೂ ಮಂಚ. ಅಲ್ಲಿ ಮಾತ್ರ ಅದು ಸ್ವಲ್ಪ ಹೊಂದುತ್ತಿತ್ತು.

ಇದನ್ನೆಲ್ಲ ನೋಡಿ ಮನಸಾರೆ ಖುಷಿಪಟ್ಟವನು ಒಬ್ಬನೇ, ಭಾಮೈದ ಫಿದೆನ್ಸಿಯೊ. ಅಮ್ಮನ ಆಣೆ ಅವನಿಗೂ ಬಾಯಿಪಾಠ. ಭಾವನ ಕೊರಳಿಗೆ ಭಾವನೇ ಹಗ್ಗ ಹಾಕಿಕೊಂಡಿದ್ದಾನೆ, ಇನ್ನು ಕಾಲಡಿಯ ಸ್ಟೂಲು ಒದೆಯುವುದೊಂದೇ ಬಾಕಿ ಅಂತ ಓಡೋಡಿ ಬಂದು ಗೌದೆನ್ಸಿಯೊನನ್ನು ತಬ್ಬಿಕೊಂಡ.

"ಭಾವ! ನಿನ್ನ ಹಿಂದೆ ನಾನಿದ್ದೀನಿ. ನಾಳೆ ಅಮ್ಮ ಬರೋ ಹೊತ್ತಿಗೆ ಬ್ಯಾಂಡು, ಪಟಾಕಿ, ಎಲ್ಲಾ ನನ್ನ ಜವಾಬ್ದಾರಿ."

"ಬೇಡ ಮಾರಾಯ, ನಿನ್ನ ಕೈ ಮುಗೀತೀನಿ!"

"ಎಂಥ ವಿನಯ!" ಅಂತ ಫಿದೆನ್ಸಿಯೊ ಜನರ ಕಡೆ ತಿರುಗಿ ಕೂಗಿದ. ಜನ ಚಪ್ಪಾಳೆ ತಟ್ಟಿದರು.

ಭಾನುವಾರ ಬಂತು. ಬಸ್ಸೂ ಬಂತು. ಅದರಿಂದ ಮೊದಲು ಒಂದು ಕುಕ್ಕೆಯಲ್ಲಿ ಗಿನಿ ಇಲಿಗಳು ಇಳಿದವು, ಆಮೇಲೆ ಎರಡು ಗಂಟು ಇಳಿದವು, ಆಮೇಲೆ ಎತ್ತರದ ಬಿಳಿ ಟೋಪಿ ಇಳಿಯಿತು, ಟೋಪಿಯ ಕೆಳಗೆ ದೋನ್ಯಾ ಎಸ್ಕೊಲಾಸ್ತಿಕಾ. ಗೌದೆನ್ಸಿಯೊ ಅವಳ ಮುಂದೆ ಅಡ್ಡಡ್ಡ ನಿಂತು, ಮೈಮೇಲೆ ಹೊದ್ದಿದ್ದ ಪೊಂಚೊ ಕಂಬಳಿ ಬಿಡಿಸಿ ಹಿಡಿದು, ಸಾಧ್ಯವಾದಷ್ಟು ಗೋಡೆಗಳನ್ನು ಮರೆಮಾಡಲು ನೋಡಿದ.

"ಏನು ಅಳಿಯಂದ್ರೇ, ಕೋಳಿ ಅಟ್ತಾ ಇದ್ದೀರಾ?" ಅಂದಳು ಅತ್ತೆ. ಅವನನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ಸರಿಸಿ, ಚೌಕದ ಕಡೆ ನಡೆದಳು. ದಾರಿಯುದ್ದಕ್ಕೂ ಮಂಚಗಳನ್ನು ನೋಡುತ್ತ ನಡೆದಳು. ಗೌದೆನ್ಸಿಯೊ ಪೊಂಚೊ ಬಿಡಿಸಿಕೊಂಡೇ ಅವಳ ಹಿಂದೆ ಓಡಿದ.

ವಸತಿಗೃಹದ ಮುಂದೆ ಫಿದೆನ್ಸಿಯೊ ಕೈ ಎತ್ತಿದ. ಡಮ್ ಡಮ್ ಅಂತ ಬ್ಯಾಂಡು ಶುರುವಾಯಿತು. ಜನ 'ಮಂಚಕ್ಕೆ ಜಯವಾಗಲಿ' ಅಂತ ಕೂಗಿದರು.

"ಸಾಕು ನಿಲ್ಲಿಸ್ರೋ!" ಅಂದಳು ದೋನ್ಯಾ ಎಸ್ಕೊಲಾಸ್ತಿಕಾ. ಬ್ಯಾಂಡು ನಿಂತಿತು. ಚೌಕದ ಪಾರಿವಾಳಗಳೂ ಕೂತವು. "ಆ ಇಂಟು ಹಾಕಿದ್ದು ಯಾರು?"

ಎರ್ಮೆಲಿಂದ ಕಣ್ಣು ಮುಚ್ಚಿಕೊಂಡಳು. ಗೌದೆನ್ಸಿಯೊ ಒಂದು ಹೆಜ್ಜೆ ಮುಂದೆ ಬಂದ. "ನಾನೇ ಅತ್ತೆ. ಮಂಚ ಚೆನ್ನಾಗಿರಲಿಲ್ಲ. ಬೇಡ ಅಂತ... ಹಾಕ್ದೆ."

ಊರಲ್ಲಿ ಯಾರೂ ನಂಬದ ಆ ಮಾತನ್ನು ಕೇಳಿ ಅತ್ತೆ ಗೋಡೆಯ ಹತ್ತಿರ ಹೋಗಿ, ಮಂಚವನ್ನು ಮೇಲಿಂದ ಕೆಳಗೆ ನೋಡಿ, ಮುಖ ಸಿಂಡರಿಸಿದಳು. "ಥೂ. ನಿಜವಾಗ್ಲೂ ಚೆನ್ನಾಗಿಲ್ಲ." ಆಮೇಲೆ ಕಾರಂಜಿಯ ಕಟ್ಟೆ ಹತ್ತಿ ಜನರ ಕಡೆ ತಿರುಗಿದಳು.

"ನಿಮಗೆಲ್ಲಾ ತಲೆ ನೆಟ್ಟಗಿದ್ಯಾ? ಇವನು ಮೇಯರ್ ಆಗ್ತಾನಾ? ನನ್ನ ಮಗಳನ್ನ ಕೇಳೋಕೆ ಬಂದು, ಮೂರು ಸಲ ಬಾಗಿಲು ತಟ್ಟಿ, ಮೂರು ಸಲನೂ ಉಪ್ಪು ಕೇಳಿ ಹೋದೋನು ಇವನು! ಏಣಿಯಂತೆ ಏಣಿ! ಮಾವ ಮೇಲೆ ಹತ್ತಿ ಕೂತಿದ್ದಾಯ್ತು, ಈಗ ಅಳಿಯನನ್ನ ಎಳ್ಕೋತಾ ಇದ್ದಾನೆ. ನಿಮ್ಮ ಕೈಗೆ ಏನು ಬಂತು? ಈ ಕಾರಂಜೀಲಿ ನೀರು ಬಂದಿದ್ದು ಯಾವಾಗ? ನಾನು ಮದುವೆಯಾಗಿ ಬಂದಾಗ್ಲೇ ಇದು ರಿಪೇರೀಲಿತ್ತು! ಸಂತೆ ಚಾವಣಿ ಸೋರುತ್ತೆ, ಹೆಂಗಸರು ಆಲೂಗಡ್ಡೆ ಜೊತೆ ತಾವೂ ನೆನೀತಾರೆ. ಅದನ್ನ ಕೇಳೋ ಗಂಡಸು ಈ ಊರಲ್ಲಿ ಒಬ್ಬನೂ ಇಲ್ವಲ್ಲೋ, ಮಂಚ ಬರೆದಿದ್ರೆ ಸಾಕು ಕುಣಿಯೋಕೆ ಬರ್ತೀರಾ!"

ದೋನ್ಯಾ ಪಾಸ್ಕ್ವಾಲಾ ಸೌಟನ್ನು ಆಕಾಶಕ್ಕೆತ್ತಿದಳು.

"ದೋನ್ಯಾ ಎಸ್ಕೊಲಾಸ್ತಿಕಾಗೇ ನಮ್ಮ ಮತ!"

ಚೌಕವೇ ಹಾರಿಹೋಗುವಂಥ ಕೂಗೆದ್ದಿತು. ಬ್ಯಾಂಡಿನವರು ತಾವಾಗಿಯೇ ಬಾರಿಸಿದರು. ಇನ್ಸ್‌ಪೆಕ್ಟರ್ ಬರ್ರಿಯೆಂತೊಸ್ ಟೋಪಿ ತೆಗೆದು ಎದೆಗಿಟ್ಟುಕೊಂಡ. ದೋನ್ಯಾ ಎಸ್ಕೊಲಾಸ್ತಿಕಾ 'ಛೆ, ಸುಮ್ನಿರಿ' ಅಂದಳು. 'ನನಗ್ಯಾಕೆ ಇದೆಲ್ಲ' ಅಂದಳು. ಟೋಪಿ ಸರಿಮಾಡಿಕೊಂಡಳು. ಇನ್ನೊಂದು ಸಲ ಸರಿಮಾಡಿಕೊಂಡಳು. ಮೂರನೆಯ ಸಲ ಸರಿಮಾಡಿಕೊಳ್ಳುವಾಗ ಅವಳ ಮುಖದಲ್ಲಿ ಎಂಥದೋ ಕಳೆ ಬಂದಿತ್ತು.

"ಕಾರಂಜೀಲಿ ನೀರು ಬರಿಸೋಕೆ ಎಷ್ಟು ಹೊತ್ತು ಬೇಕು?" ಅಂದಳು ಕೊನೆಗೆ. "ಒಂದು ಕೈ ನೋಡೇಬಿಡೋಣ."

"ಅಮ್ಮಾ!" ಎರ್ಮೆಲಿಂದ ಚೀರಿದಳು. "ಮಾತೆ ಮರಿಯಳ ಪಾದ ಮುಟ್ಟಿದ ಆಣೆ!"

ದೋನ್ಯಾ ಎಸ್ಕೊಲಾಸ್ತಿಕಾ ಕಟ್ಟೆಯಿಂದ ಇಳಿದಳು. ಕೊಟ್ಟ ಆಣೆಯನ್ನು ಮುರಿಯುವ ಹೆಂಗಸಲ್ಲ ಅವಳು.

"ಹೌದು. ರಾಜಕೀಯ ಮಾಡಿದೋರಿಗೆ ಆ ಮನೇಲಿ ಜಾಗ ಇಲ್ಲ. ನನಗೂ ಇಲ್ಲ. ನಾನು ಪಾಸ್ಕ್ವಾಲಾ ಮನೇಲಿರ್ತೀನಿ." ಲಂಗದ ಮಡಿಕೆಯಿಂದ ಬೀಗದ ಕೈಗಳ ಗೊಂಚಲು ತೆಗೆದಳು.

ಫಿದೆನ್ಸಿಯೊ ಕೈ ಚಾಚಿ ಮುಂದೆ ಬಂದ. "ಕೊಡಮ್ಮ. ಭಾವ ಅಂತೂ ರಾಜಕೀಯದಲ್ಲಿ ಮುಳುಗಿಹೋಗಿದ್ದಾನೆ."

"ಈ ಬ್ಯಾಂಡು ಕರೆಸಿದ್ದು ಯಾರು?"

"ನಾನೇ ಅಮ್ಮ," ಅಂದ ಫಿದೆನ್ಸಿಯೊ ಹೆಮ್ಮೆಯಿಂದ.

"ಪಟಾಕಿ?"

"ಅದೂ ನಾನೇ..." ಅಷ್ಟರಲ್ಲಿ ಅವನಿಗೆ ಅರ್ಥವಾಯಿತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ನೀನೂ ಆಚೆ," ಅಂದಳು ತಾಯಿ. "ನನ್ನ ಜೊತೆ ಬಾ. ಬ್ಯಾಂಡು ಚೆನ್ನಾಗಿದೆ, ಅಕ್ಟೋಬರಿನವರೆಗೆ ಬೇಕಾಗುತ್ತೆ." ಆಮೇಲೆ ಗೌದೆನ್ಸಿಯೊನ ಅಂಗೈ ಬಿಡಿಸಿ ಗೊಂಚಲು ಇಟ್ಟಳು. "ಈ ಊರಲ್ಲಿ ರಾಜಕೀಯ ಮಾಡದೆ ಉಳಿದೋನು ನೀನೊಬ್ಬನೇ ಕಣಯ್ಯಾ. ಮಾಡೋಕೆ ನಿನಗೆ ಬರೋದೂ ಇಲ್ಲ. ಇಟ್ಕೋ. ಇನ್ನು ನಿಮ್ಮದೇ."

ಎರ್ಮೆಲಿಂದ ಅಳುತ್ತ ನಗುತ್ತ ಗಂಡನ ತೋಳು ಹಿಡಿದುಕೊಂಡಳು. ಗೌದೆನ್ಸಿಯೊ ಬೀಗದ ಕೈಗಳನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಂತ. ಅವನಿಗೆ ಏನು ನಡೆಯಿತು ಅಂತ ಪೂರ್ತಿ ತಿಳಿದಿರಲಿಲ್ಲ. ಮನೆ ಉಳಿಯಿತು ಅನ್ನುವುದಷ್ಟು ತಿಳಿದಿತ್ತು.

ಜನ ಮೆರವಣಿಗೆಯಲ್ಲಿ ಹೊರಟುಹೋದ ಮೇಲೆ, ಬೆಳಿಗ್ಗೆನೇ ಬರುತ್ತೇನೆ ಅಂದಿದ್ದ ಮೇಸ್ತ್ರಿ ಕ್ಲೊದೊಮಿರೊ ಬಂದ. ಈ ಸಲ ಏಣಿ, ಡಬ್ಬ ಎಲ್ಲ ತಂದಿದ್ದ. ಮಂಚ, ಇಂಟು, 'ಇದು ಬೇಡ', ಅದರ ಮೇಲಿನ ಕಾಟು, ಮುರಿದ ಏಣಿ ಎಲ್ಲವನ್ನೂ ಒಂದು ಕಣ್ಣು ಮುಚ್ಚಿ ನೋಡಿದ.

"ಡಾನ್ ಗೌದೆನ್ಸಿಯೊ, ಬೇಡದ್ದಕ್ಕೆ ಗುರುತು ಹಾಕಿ ಅಂದ್ರೆ, ಬೇಕಾದ್ದು ಯಾವುದೂ ಉಳಿಸಲೇ ಇಲ್ವಲ್ಲ?"

"ಬಿಳಿ ಬಳಿದುಬಿಡಿ ಮೇಸ್ತ್ರಿ. ಚಿತ್ರ ಬೇಡ, ಏನೂ ಬೇಡ. ಬರೀ ಬಿಳಿ."

"ಹಾಗೆ ಹೇಳಿ ಮತ್ತೆ. ಯಾವ ಬಿಳಿ? ಹಾಲಿನ ಬಿಳಿ ಇದೆ, ಸುಣ್ಣದ ಬಿಳಿ ಇದೆ, ಮೂಳೆ ಬಿಳಿ ಇದೆ." ಮೇಸ್ತ್ರಿ ಮೂರು ತೇಪೆ ಬಳಿದು, ಕುಂಚವನ್ನು ಕೆಂಪಿನಲ್ಲಿ ಅದ್ದಿ ಅವನ ಮುಂದೆ ಚಾಚಿದ. "ಯಾವುದು ಬೇಡವೋ ಅದಕ್ಕೆ..."

ಗೌದೆನ್ಸಿಯೊ ಬೀಗದ ಕೈಗಳ ಸಮೇತ ಎರಡೂ ಕೈಗಳನ್ನು ಜೇಬಿನೊಳಗೆ ತುರುಕಿಕೊಂಡ. "ಮೂರೂ ಚೆನ್ನಾಗಿವೆ ಮೇಸ್ತ್ರಿ," ಅಂದ. "ನಿಮ್ಮಿಷ್ಟ."